ಎಂ.ಡಿ. ಸಾಹೇಬರ ಸಂಬಳದಲ್ಲಿ ನಾನೂ ಇದ್ದೆ

ಅವ್ವ ನನ್ನ ಬಲಗೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಭಾಷೆ ತೆಗೆದುಕೊಂಡಳು. ಅದು ಎಪ್ಪತ್ನಾಲ್ಕನೇ ಇಸವಿ. ಮಾರನೆಯ ದಿನ ನಾನು ಫ್ಯಾಕ್ಟರಿ ಕೆಲಸಕ್ಕೆ ಹೋಗುವವಳಿದ್ದೆ.

"ಇನ್ನೊಬ್ರ ಹೇಲು ನಿನ್ ಕೈ ಮುಟ್ಟಬಾರ್ದು. ಯಾವನ ಮನೆ ಗುಂಡಿಗೂ ಇಳೀಬಾರ್ದು. ಹೇಳು."

"ಆಯ್ತು ಕಣವ್ವ."

"ಆಯ್ತು ಅಂದ್ರೆ ಆಗಲ್ಲ. ಪೂರ್ತಿ ಹೇಳು."

ಪೂರ್ತಿ ಹೇಳಿದೆ. ಆಮೇಲೆ ಕೈ ಬಿಟ್ಟಳು.

ಅವ್ವನ ಹೆಸರು ಮಾರಮ್ಮ. ಮೂವತ್ತು ವರ್ಷ ಕಂಡವರ ಕಕ್ಕಸು ಬಳಿದು, ಬಕೆಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತವಳು. ಸಿಂಬಿ ಇಡುತ್ತಿದ್ದ ನೆತ್ತಿಯ ಜಾಗ ಬೋಳಾಗಿತ್ತು. ನಾನು ಕೈ ಇಟ್ಟದ್ದು ಆ ಬೋಳಿನ ಮೇಲೆ. ಅಪ್ಪ ಒಂದು ಹೋಟೆಲಿನ ಗುಂಡಿಗೆ ಇಳಿದವನು ಹತ್ತಿ ಬರಲಿಲ್ಲ. ಹೋಟೆಲಿನವರು ಮೂರು ದಿನ ಮನೆಗೆ ತಿಂಡಿ ಕಳಿಸಿದರು. ನಾಲ್ಕನೆಯ ದಿನ ಕಳಿಸಲಿಲ್ಲ.

ಫ್ಯಾಕ್ಟರಿ ಬನ್ನೇರುಘಟ್ಟ ರಸ್ತೆಯಲ್ಲಿತ್ತು. ತೋಟದ ಬಾವಿಗಳಿಗೆ ಪಂಪು ತಯಾರಿಸುತ್ತಿದ್ದರು. ನನ್ನನ್ನು ಟೆಸ್ಟಿಂಗ್ ಶಾಪಿಗೆ ಹಾಕಿದರು. ಪಂಪಿನದೊಂದು ಗುಣವಿದೆ. ಮೊದಲು ಅದರ ಹೊಟ್ಟೆಗೆ ನೀರು ಕುಡಿಸಬೇಕು. ಕುಡಿಸದಿದ್ದರೆ ಸುಮ್ಮನೆ ಗುರ್ ಅನ್ನುತ್ತದೆಯೇ ಹೊರತು ಒಂದು ಹನಿ ಎತ್ತುವುದಿಲ್ಲ. ಅದಕ್ಕೆ ಪ್ರೈಮಿಂಗ್ ಅನ್ನುತ್ತಾರೆ. ದಿನಕ್ಕೆ ಅರವತ್ತು ಪಂಪು ಟೆಸ್ಟಿಗೆ ಬರುತ್ತಿದ್ದವು. ಒಂದೊಂದಕ್ಕೆ ಎರಡೆರಡು ಬಕೆಟ್ ನೀರು. ತೊಟ್ಟಿಯಿಂದ ಹೊತ್ತು ತಂದು ಹೊಯ್ಯುತ್ತಿದ್ದವಳು ನಾನು. ನೀರೆತ್ತುವ ಯಂತ್ರ ತಯಾರಿಸುವ ಫ್ಯಾಕ್ಟರಿಯಲ್ಲಿ ನೀರು ಎತ್ತಲು ನನ್ನನ್ನು ಇಟ್ಟುಕೊಂಡಿದ್ದರು. ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಸಂಜೆ ನೆಲದ ಮೇಲಿನ ಎಣ್ಣೆ, ಕಬ್ಬಿಣದ ಪುಡಿ ಬಳಿಯುತ್ತಿದ್ದೆ. ರಾತ್ರಿ ಅನ್ನ ಕಲಸಿದರೆ ಅನ್ನಕ್ಕೂ ಗ್ರೀಸಿನ ವಾಸನೆ.

ಪಂಪಿನದು ಇನ್ನೊಂದು ಗುಣ. ನೀರು ಹೊರಗೆ ಬಿಡುವ ಡೆಲಿವರಿ ಪೈಪಿನ ಬಾಯನ್ನು ಮೊದಲೇ ಕಬ್ಬಿಣದ ಬಳೆಗೆ ಬಿಗಿಯಾಗಿ ಕಟ್ಟಬೇಕು. ಒಂದು ಸಲ ಕಟ್ಟುವುದು ಮರೆತಿದ್ದರು. ಪೈಪು ಎದ್ದು ಬಂದು ಫೋರ್‌ಮನ್‌ನ ಎರಡು ಹಲ್ಲು ಉದುರಿಸಿತು. ಆ ಹಲ್ಲುಗಳನ್ನು ಗುಡಿಸಿದವಳೂ ನಾನೇ.

ಆ ವರ್ಷವೇ ಬದರಿನಾಥ್ ಸಾಹೇಬರು ಸೇರಿದರು. ಆಗ ಅಸಿಸ್ಟೆಂಟ್ ಮ್ಯಾನೇಜರು. ತೆಳ್ಳಗೆ, ಕಡ್ಡಿ ಹಾಗಿದ್ದರು. ಟೆಸ್ಟಿಂಗ್ ಶಾಪಿಗೆ ಬಂದು ನನ್ನ ಬಕೆಟ್ಟುಗಳನ್ನು ನೋಡಿ ಪಾಪ ಅಂದರು.

"ಮೂರು ತಿಂಗಳು ತಡಿಯಮ್ಮ. ಪರ್ಮನೆಂಟ್ ಮಾಡಿಸ್ತೀನಿ. ಟಿಕೆಟ್ ನಂಬರ್ ಬರುತ್ತೆ."

ಟಿಕೆಟ್ ನಂಬರ್ ಎಂದರೆ ಒಂದು ಹಿತ್ತಾಳೆ ಬಿಲ್ಲೆ. ಅದು ಇದ್ದವರಿಗೆ ಕ್ಯಾಂಟೀನಿನಲ್ಲಿ ಊಟ, ಬೋನಸ್ಸು, ಕಾಯಿಲೆಗೆ ಆಸ್ಪತ್ರೆ, ವರ್ಷಕ್ಕೆರಡು ಸೀರೆ. ಇಲ್ಲದವರಿಗೆ ತಿಂಗಳಿಗೆ ಒಂದು ಕವರು.

ಮೂರು ತಿಂಗಳಾಯಿತು. ಸಾಹೇಬರು ಮ್ಯಾನೇಜರಾದರು. ಮೂರು ವರ್ಷವಾಯಿತು. ಜನರಲ್ ಮ್ಯಾನೇಜರಾದರು. ಪ್ರತಿ ಸಲ ಅವರು ಮೇಲೆ ಹೋದಾಗ ಹೊಸ ಕುರ್ಚಿ ಬಂತು. ಕುರ್ಚಿಗೆ ಹೊಸ ರೂಮು. ರೂಮಿಗೆ ಹೊಸ ಕಕ್ಕಸು. ಕಕ್ಕಸಿಗೆ ನಾನು. ಎಂಬತ್ತರಲ್ಲಿ ಅವರು ಎಂ.ಡಿ. ಆದರು. ಜೆ.ಪಿ. ನಗರದಲ್ಲಿ ಕಂಪನಿ ಅವರಿಗೆ ಬಂಗಲೆ ಹಿಡಿಯಿತು. ಅಷ್ಟು ಹೊತ್ತಿಗೆ ಅವರು ದಪ್ಪಗಾಗಿದ್ದರು. ಬಂಗಲೆಯಲ್ಲಿ ಮೂರು ಕಕ್ಕಸು.

"ಅಣ್ಣಮ್ಮ, ಇನ್ಮೇಲೆ ನೀನು ಮನೆಗೇ ಬಾ. ನಂಬಿಕಸ್ತರು ಬೇಕು," ಅಂದರು.

"ಪರ್ಮನೆಂಟು ಸಾರ್?"

"ನನ್ನ ಜೊತೇಲೇ ಇರ್ತೀಯಲ್ಲ. ಅದಕ್ಕಿಂತ ಪರ್ಮನೆಂಟ್ ಏನು?"

ಸಿದ್ದಾಪುರದಿಂದ ಜೆ.ಪಿ. ನಗರಕ್ಕೆ ದಿನಾ ನಡೆದೆ. ಬಂಗಲೆಯ ಮುಂಬಾಗಿಲು ನನಗಲ್ಲ. ಕಾಂಪೌಂಡಿನ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಬೇಕು. ಅಲ್ಲಿಂದ ಒಂದೊಂದು ಕಕ್ಕಸಿಗೂ ಹಿಂಬಾಗಿಲು. ನನಗೊಂದು ಲೋಟ ಇತ್ತು. ಅದು ಗೋಡೆಯ ಮೇಲೆ, ಕಾಗೆ ಕೂರುವ ಜಾಗದಲ್ಲಿ. ಸಾಹೇಬರ ಹೆಂಡತಿ ವಿಮಲಮ್ಮನವರು ಕಾಫಿಯನ್ನು ಒಂದು ಗೇಣು ಎತ್ತರದಿಂದ ಹೊಯ್ಯುತ್ತಿದ್ದರು. ಒಂದು ತೊಟ್ಟೂ ಆಚೆ ಬೀಳುತ್ತಿರಲಿಲ್ಲ. ಐದು ವರ್ಷದ ಅಭ್ಯಾಸ, ಕೈ ಕುದುರಿತ್ತು. ಮೂರು ಕಕ್ಕಸು ತೊಳೆಯುವ ನನಗೆ ಹೊಟ್ಟೆ ಕೆಟ್ಟರೆ ಹೋಗಲು ಇದ್ದದ್ದು ಎದುರಿನ ಖಾಲಿ ಸೈಟು.

ಅವ್ವನಿಗೆ ಕೊಟ್ಟ ಭಾಷೆ? ಅದರ ಬಗ್ಗೆ ನಾನು ದೊಡ್ಡ ಲಾಯರಿನ ಹಾಗೆ ಯೋಚನೆ ಮಾಡಿದ್ದೆ. ಇವು ನೀರಿನ ಕಕ್ಕಸು. ಸರಪಳಿ ಎಳೆದರೆ ಹೋಗುತ್ತದೆ. ನಾನು ಬ್ರಶ್ಶಿನಲ್ಲಿ ತಿಕ್ಕುತ್ತೇನೆ, ಕೈ ತಾಗುವುದಿಲ್ಲ. ಬ್ರಶ್ಶಿನ ಹಿಡಿ ಒಂದು ಮೊಳ ಉದ್ದ ಇತ್ತು. ಆ ಒಂದು ಮೊಳದಲ್ಲಿ ನನ್ನ ಭಾಷೆ ಉಳಿದುಕೊಂಡಿತ್ತು. ಬ್ರಶ್ಶು ಸವೆದು ಗಿಡ್ಡವಾದಾಗಲೆಲ್ಲ ಜಗಳವಾಡಿ ಹೊಸದು ತರಿಸುತ್ತಿದ್ದೆ. ವಿಮಲಮ್ಮನವರು ಇವಳಿಗೆ ಶುಚಿ ಜಾಸ್ತಿ ಎಂದು ಎಲ್ಲರ ಹತ್ತಿರ ಹೊಗಳುತ್ತಿದ್ದರು.

ಆ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದು ಗೋಳಾಟ ನಡೆಯುತ್ತಿತ್ತು. ಲಾನಿನಲ್ಲಿ ಬೆತ್ತದ ಕುರ್ಚಿ, ಕೈಯಲ್ಲಿ ಪೇಪರು, ಸಾಹೇಬರ ಕಷ್ಟ.

"ಅಮೆರಿಕಾದಲ್ಲಿ ಕಾರ್ ಕಂಪನಿ ನಡೆಸೋನಿಗೆ ಎಷ್ಟು ಕೊಡ್ತಾರೆ ನೋಡು ವಿಮಲಾ. ಅವನು ಒಂದು ಸಲ ಸೀನೋ ಹೊತ್ತಿಗೆ ನನ್ನ ತಿಂಗಳ ಸಂಬಳ ಆಗಿರುತ್ತೆ."

"ನೀವೂ ಸೀನ್ತೀರಲ್ಲ, ಏನು ಬರುತ್ತೆ?"

"ಅದೇ ಹೇಳ್ತಿರೋದು! ಈ ದೇಶದಲ್ಲಿ ತಲೆಗೆ ಬೆಲೆ ಇಲ್ಲ. ಸರ್ಕಾರ ಕೈ ಕಟ್ಟಿ ಹಾಕಿದೆ."

ಎಂ.ಡಿ.ಗಳ ಸಂಬಳ ಇಷ್ಟಕ್ಕಿಂತ ಮೇಲೆ ಹೋಗಕೂಡದು ಎಂದು ಸರ್ಕಾರ ಆಗ ಮಿತಿ ಹಾಕಿತ್ತು. ನಾನು ಬಕೆಟ್ಟು ಹಿಡಿದು ಸಂದಿಯಲ್ಲಿ ಹೋಗುವಾಗ ಇದನ್ನು ಕೇಳಿ ಕೇಳಿ ನನಗೇ ಬೇಜಾರಾಗುತ್ತಿತ್ತು. ಪಾಪ, ಇಷ್ಟು ದೊಡ್ಡ ಮನುಷ್ಯನ ಕೈ ಕಟ್ಟಿ ಹಾಕಿದ್ದಾರಲ್ಲ. ಎಲ್ಲರೂ ಸೇರಿ ಬಿಡಿಸಬಾರದೇ ಅನ್ನಿಸುತ್ತಿತ್ತು.

ಎಂಬತ್ತೈದರಲ್ಲಿ ಯೂನಿಯನ್ನಿನವರು ಮುಷ್ಕರ ಮಾಡಿ ಸಂಬಳ ಹೆಚ್ಚಿಸಿಕೊಂಡರು. ಸುದ್ದಿ ಕೇಳಿ ನಾನೂ ಫ್ಯಾಕ್ಟರಿ ಗೇಟಿಗೆ ಹೋದೆ. ಯೂನಿಯನ್ ಸೆಕ್ರೆಟರಿ ದಾಸಪ್ಪ ಟೆಸ್ಟಿಂಗ್ ಶಾಪಿನ ಫಿಟ್ಟರು. ಆರು ವರ್ಷ ಅವನ ಪಂಪುಗಳಿಗೆ ನೀರು ಕುಡಿಸಿದ್ದೆ.

ಅವನು ಸಂಬಳ ಹೆಚ್ಚಾದವರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ನೋಡಿದ. "ಅಣ್ಣಮ್ಮಕ್ಕ, ನಿನ್ ಹೆಸ್ರೇ ಇಲ್ವಲ್ಲ."

"ಸರಿಯಾಗಿ ನೋಡಪ್ಪ. ಹನ್ನೊಂದು ವರ್ಷ ಆಯ್ತು."

ಅವನು ಆಫೀಸಿಗೆ ಹೋಗಿ ವಿಚಾರಿಸಿಕೊಂಡು ಬಂದ. ಮುಖದಲ್ಲಿ ನಗು ತಡೆದುಕೊಂಡಿದ್ದ. "ನೀನು ಕಾರ್ಮಿಕಳಲ್ಲವಂತೆ ಅಕ್ಕ. ನಿನ್ನ ಲೆಕ್ಕ ಎಂ.ಡಿ. ಖಾತೆಯಲ್ಲಿದೆಯಂತೆ."

"ಅಂದ್ರೆ?"

"ಅಂದ್ರೆ ಮ್ಯಾನೇಜ್‌ಮೆಂಟು!"

ಅಲ್ಲಿದ್ದವರೆಲ್ಲ ಹೋ ಎಂದರು. ಯಾವನೋ ಎದ್ದು ನಿಂತು ನನಗೆ ಸಲ್ಯೂಟ್ ಹೊಡೆದ. "ಮುಂದಿನ ಮುಷ್ಕರದಲ್ಲಿ ನಿನ್ ವಿರುದ್ಧಾನೂ ಧಿಕ್ಕಾರ ಕೂಗ್ಬೇಕು ಕಣಕ್ಕ, ಬೇಜಾರು ಮಾಡ್ಕೋಬೇಡ," ಅಂದ. ನಾನೂ ನಕ್ಕೆ. ನಗದೆ ಏನು ಮಾಡಲಿ? ಆದರೆ ಎಂ.ಡಿ. ಖಾತೆ ಎಂದರೆ ಏನು ಎಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ನೋಟ್‌ಬುಕ್ಕಿನ ರಟ್ಟಿನಿಂದ.

ನನ್ನ ಮಗಳು ಗೌತಮಿ ಆಗ ಒಂಬತ್ತನೇ ಕ್ಲಾಸು. ಆ ಹೆಸರಿಟ್ಟವನು ಅವಳಪ್ಪ ಮುನಿಯಣ್ಣ. ಸುಣ್ಣ ಬಳಿಯುವ ಕೆಲಸ ಅವನದು. ಬುದ್ಧನ ವಿಷಯ ಭಾಷಣ ಎಲ್ಲಿದ್ದರೂ ತಲೆಯ ಸುಣ್ಣ ತೊಳೆಯದೆ ಹೋಗಿ ಕೂರುತ್ತಿದ್ದ. ಶಾಲೆ ಶುರುವಾಗುವಾಗ ನೋಟ್‌ಬುಕ್ಕಿಗೆ ಬೈಂಡ್ ಹಾಕಲು ಕಾಗದ ಬೇಕಿತ್ತು. ವಿಮಲಮ್ಮನವರು ಒಂದು ಕಟ್ಟು ಹಳೇ ಪುಸ್ತಕ ಕೊಟ್ಟು ಒಲೆಗೆ ಹಾಕು ಅಂದಿದ್ದರು. ಕಂಪನಿಯವರು ವರ್ಷಕ್ಕೊಮ್ಮೆ ಶೇರುದಾರರಿಗೆ ಹಂಚುವ ವರದಿ. ದಪ್ಪ ಕಾಗದ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಸುಡಲು ಮನಸ್ಸಾಗಲಿಲ್ಲ. ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ.

ಗೌತಮಿ ಹಾಳೆ ಹರಿದು ಗಣಿತದ ಪುಸ್ತಕಕ್ಕೆ ಬೈಂಡ್ ಹಾಕಿದಳು. ಆಮೇಲೆ ಇಂಗ್ಲಿಷು ಓದಿ ನೋಡೋಣ ಎಂದು ಅದರ ಮೇಲೆ ಬೆರಳಿಟ್ಟಳು.

"ಅವ್ವ, ನಿಮ್ಮ ಸಾಹೇಬ್ರ ಹೆಸ್ರು ಇದೆ ಇಲ್ಲಿ. ಅವ್ರಿಗೆ ಏನೇನ್ ಕೊಡ್ತಾರೆ ಅಂತ ಬರ್ದಿದ್ದಾರೆ. ಸಂಬಳ. ಅದರ ಜೊತೆ ಮನೆ. ಕಾರು, ಡ್ರೈವರು. ಎರಡು ಕ್ಲಬ್ಬು."

"ಎರಡ್ಯಾಕೆ?" ಅಂದ ಮುನಿಯಣ್ಣ.

"ಒಂದರಲ್ಲಿ ಕುಡಿದಿದ್ದು ಇನ್ನೊಂದ್ರಲ್ಲಿ ಇಳೀಲಿ ಅಂತ. ಮುಂದೆ ಕೇಳಪ್ಪ. ಗ್ಯಾಸು, ಕರೆಂಟು, ನೀರು. ಒಬ್ಬ ಕಾವಲುಗಾರ. ಒಬ್ಬ ಮಾಲಿ. ಒಬ್ಬ ಜಾಡಮಾಲಿ." ಅವಳ ಬೆರಳು ನಿಂತಿತು. "ಅವ್ವ, ಈ ಜಾಡಮಾಲಿ ನೀನಾ?"

ಮುನಿಯಣ್ಣ ಎದ್ದು ಬಂದು ಬಗ್ಗಿ ನೋಡಿದ. "ನಿನ್ ಹೆಸ್ರು ಪುಸ್ತಕದಲ್ಲಿ ಬಂದಿದೆಯಲ್ಲೇ!"

"ಹೆಸ್ರಿಲ್ಲಪ್ಪ. ಒಬ್ಬ ಅಂತ ಅಷ್ಟೇ."

"ಗಂಡ್ಸು ಅಂತಲೋ, ಹೆಂಗ್ಸು ಅಂತಲೋ?"

"ಅದೂ ಇಲ್ಲ. ಕರೆಂಟು, ನೀರು, ಆಮೇಲೆ ಅವ್ವ."

ಮುನಿಯಣ್ಣ ನಕ್ಕು ನಕ್ಕು ಕೆಮ್ಮಿದ. "ಎಲ್ಲಾರ ಸಂಬಳ ತಿಂಗಳಿಗೊಂದ್ಸಲ ಬರುತ್ತೆ. ನಿಮ್ ಸಾಹೇಬ್ರ ಸಂಬಳ ದಿನಾ ಬೆಳಿಗ್ಗೆ ಸಿದ್ದಾಪುರದಿಂದ ನಡ್ಕೊಂಡು ಹೋಗುತ್ತೆ ಕಣೇ!"

ನನಗೂ ನಗು ತಡೆಯಲಾಗಲಿಲ್ಲ. ಮೂವರೂ ನಕ್ಕೆವು. ನಕ್ಕ ಮೇಲೆ ನನಗೆ ಅನ್ನ ಸೇರಲಿಲ್ಲ. ಹನ್ನೊಂದು ವರ್ಷ ಯಾಕೆ ಪರ್ಮನೆಂಟ್ ಆಗಲಿಲ್ಲ ಎಂದು ಈಗ ತಿಳಿದಿತ್ತು. ಹಣವಾಗಿ ಕೊಡಲಾಗದ್ದನ್ನು ಕಂಪನಿ ಆಳುಗಳಾಗಿ ಕೊಡುತ್ತಿತ್ತು. ನನಗೆ ಟಿಕೆಟ್ ನಂಬರ್ ಕೊಟ್ಟರೆ ಸಾಹೇಬರ ಸಂಬಳದಲ್ಲಿ ಒಬ್ಬ ಜಾಡಮಾಲಿ ಕಡಿಮೆಯಾಗುತ್ತಿದ್ದ. ಸರ್ಕಾರ ಅವರ ಕೈ ಕಟ್ಟಿತ್ತು. ಅವರು ಆ ಹಗ್ಗದ ತುದಿಗೆ ನನ್ನನ್ನು ಕಟ್ಟಿಕೊಂಡಿದ್ದರು.

ಗೌತಮಿ ಆ ಹಾಳೆಯನ್ನು ಬಿಚ್ಚಿ ನನಗೆ ಕೊಟ್ಟಳು. ಗಣಿತದ ಪುಸ್ತಕಕ್ಕೆ ಬೇರೆ ಕಾಗದ ಹಾಕಿಕೊಂಡಳು. ನಾನು ಹಾಳೆ ಮಡಚಿ ಎಲೆ ಅಡಿಕೆ ಚೀಲದಲ್ಲಿಟ್ಟೆ.

ಮಾರನೆಯ ದಿನ ಸಾಹೇಬರನ್ನು ಕೇಳಿದೆ. "ಸಾರ್, ನನ್ ಪರ್ಮನೆಂಟ್ ವಿಷಯ."

"ನೋಡು ಅಣ್ಣಮ್ಮ, ಬೋರ್ಡ್ ಒಪ್ಪಬೇಕು. ಶೇರುದಾರರು ಒಪ್ಪಬೇಕು. ಕಂಪನಿ ಕಾನೂನು ಇದೆ. ನನ್ನ ಒಬ್ಬನ ಕೈಲಿ ಇಲ್ಲ. ಅಷ್ಟಕ್ಕೂ ನೀನು ಮನೆಯವಳ ಹಾಗಲ್ವಾ?"

ನಾನು ಗೋಡೆಯ ಮೇಲಿನ ಲೋಟ ನೋಡಿದೆ. ಕಾಗೆ ಕೂತಿತ್ತು.

ಎರಡು ವಾರ ಕಳೆದು ಒಂದು ಭಾನುವಾರ ಬಂಗಲೆಯಲ್ಲಿ ಊಟ. ಕಂಪನಿ ಹೊಸ ಪಂಪ್‌ಸೆಟ್ ಮಾಡಿತ್ತು. ಸೀಮೆಎಣ್ಣೆಯಲ್ಲಿ ನಡೆಯುವಂಥದ್ದು. ಅದನ್ನು ಲಾನಿನ ನಡುವೆ ಇಟ್ಟು, ಸೇವಂತಿಗೆ ಹಾರ ಹಾಕಿ, ಕುಂಕುಮ ಹಚ್ಚಿ ಪೂಜೆ ಮಾಡಿದರು. ಡೈರೆಕ್ಟರುಗಳು, ಡೀಲರುಗಳು, ಹೆಂಡತಿಯರು, ಒಟ್ಟು ನಲವತ್ತು ಜನ. ನನ್ನನ್ನು ರಜಾದಿನವೂ ಕರೆಸಿದ್ದರು. ಹಿತ್ತಲಿನಲ್ಲಿ ಕೂತಿರು, ಕರೆದಾಗ ಬಾ ಅಂದಿದ್ದರು.

ಊಟಕ್ಕೆ ಮೊದಲು ಭಾಷಣ. ಮ್ಯಾನೇಜ್‌ಮೆಂಟ್ ಪಾಠ ಹೇಳುವ ರಾಮಪ್ರಸಾದ್ ಎಂಬ ಪ್ರೊಫೆಸರನ್ನು ಕರೆಸಿದ್ದರು. ಒಬ್ಬ ಮುಖ್ಯಾಧಿಕಾರಿಗೆ ಎಷ್ಟು ಸಂಬಳ ಕೊಟ್ಟರೆ ನ್ಯಾಯ, ಇದು ವಿಷಯ.

"ಕೂಲಿಯವನು ಕೈಯಿಂದ ಕೆಲಸ ಮಾಡ್ತಾನೆ, ಅದನ್ನ ಅಳೀಬಹುದು," ಅಂದರು ಪ್ರೊಫೆಸರು. "ಮುಖ್ಯಾಧಿಕಾರಿ ತೀರ್ಮಾನ ತಗೋತಾನೆ. ಯಾರಿಗೂ ದಿಕ್ಕು ತೋಚದೆ ನಿಂತಾಗ ಅವನು ಮುಂದೆ ಬರ್ತಾನೆ. ಆ ಒಂದು ಗಳಿಗೆಗೆ ನೀವು ಬೆಲೆ ಕಟ್ಟೋಕಾಗುತ್ತಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ದಾವಣಗೆರೆ ಕಡೆಯ ಡೀಲರು ರೇವಣಸಿದ್ದಪ್ಪನವರು ಮಾತ್ರ ಕೈ ಎತ್ತಿದರು. "ಅಲ್ರೀ, ನಮ್ ಕಡೆ ಬಾವಿ ತೋಡೋನೂ ಎಲ್ಲಿ ನೀರದ ಅಂತ ತೀರ್ಮಾನ ತಗೋತಾನ. ಅವಂಗೂ ಕಾರ್ ಕೊಡೋಣೇನ್ರಿ?"

ಪ್ರೊಫೆಸರು ನಕ್ಕು ನೀರು ಕುಡಿದರು. ಬಾಳೆ ಎಲೆ ಹಾಕಿದರು.

ಒಬ್ಬಟ್ಟು ಬಡಿಸುವ ಹೊತ್ತಿಗೆ ವಾಸನೆ ಬಂತು. ಜೆ.ಪಿ. ನಗರಕ್ಕೆ ಆಗ ಒಳಚರಂಡಿ ಬಂದಿರಲಿಲ್ಲ. ಪ್ರತಿ ಬಂಗಲೆಗೂ ಅದರದೇ ಗುಂಡಿ. ಈ ಬಂಗಲೆಯ ಗುಂಡಿ ಲಾನಿನ ಅಂಚಿನಲ್ಲಿತ್ತು, ಮೇಲೆ ಗುಲಾಬಿ ಕುಂಡ ಇಟ್ಟು ಮುಚ್ಚಿದ್ದರು. ಅದು ಮೂರು ವರ್ಷದಿಂದ ತುಂಬುತ್ತಿತ್ತು. ನಲವತ್ತು ಜನರ ಬೆಳಗಿನ ಉಪ್ಪಿಟ್ಟು ಕಾಫಿಗೆ ಅದು ಕೈಚೆಲ್ಲಿತು. ಮೊದಲು ಮೂರೂ ಕಕ್ಕಸು ಕಟ್ಟಿಕೊಂಡವು. ಆಮೇಲೆ ಗುಲಾಬಿ ಕುಂಡದ ಸುತ್ತ ಲಾನು ಒದ್ದೆಯಾಯಿತು. ಹೆಂಗಸರು ಸೀರೆ ಎತ್ತಿಕೊಂಡರು. ಒಬ್ಬ ಡೈರೆಕ್ಟರು ಕಕ್ಕಸಿನಿಂದ ಓಡಿ ಬಂದು, ಯಾರ ಹತ್ತಿರವೂ ಏನೂ ಹೇಳದೆ ಕಾರು ಹತ್ತಿ ಹೋದರು.

"ಅಣ್ಣಮ್ಮಾ!"

ಸಾಹೇಬರು ಹಿತ್ತಲಿಗೇ ಬಂದಿದ್ದರು. ಐದು ವರ್ಷದಲ್ಲಿ ಮೊದಲ ಸಲ. ಹಣೆಯಲ್ಲಿ ಬೆವರು.

"ಬಾ ಬಾ. ಮುಚ್ಚಳ ತೆಗೆದು ಸ್ವಲ್ಪ ಇಳಿದು, ಅಡ್ಡ ಸಿಕ್ಕಿರೋದನ್ನ ಬಿಡಿಸು. ಒಂದ್ಹತ್ತು ಬಕೆಟ್ ಆಚೆ ಹಾಕಿದ್ರೆ ಸಾಕು."

"ನಾನು ಇಳಿಯಲ್ಲ ಸಾರ್."

"ಐವತ್ತು ರೂಪಾಯಿ ಕೊಡ್ತೀನಿ."

"ಇಳಿಯಲ್ಲ."

ವಿಮಲಮ್ಮನವರು ಬಂದರು. "ಏನೇ ಇದು? ದಿನಾ ಮಾಡೋ ಕೆಲ್ಸ ತಾನೇ?"

"ದಿನಾ ಬ್ರಶ್ಶಲ್ಲಿ ಅಮ್ಮಾವ್ರೆ. ಇದು ಮೈಯಲ್ಲಿ."

ಸಾಹೇಬರು ಸುತ್ತ ನೋಡಿದರು. ಎಲೆಯ ಮುಂದೆ ಎದ್ದು ನಿಂತ ನಲವತ್ತು ಜನ ನೋಡುತ್ತಿದ್ದರು. ಜೇಬಿನಿಂದ ಪೆನ್ನು ತೆಗೆದರು, ತಮ್ಮ ಹೆಸರಿನ ಕಾರ್ಡು ತೆಗೆದರು. ಅದರ ಹಿಂದೆ ಏನೋ ಗೀಚಿ ಸಹಿ ಹಾಕಿದರು.

"ತಗೋ. ನಾಳೆ ಬೆಳಿಗ್ಗೆ ಇದನ್ನ ಆಫೀಸಲ್ಲಿ ಕೊಡು. ನೀನು ಪರ್ಮನೆಂಟು. ಟಿಕೆಟ್ ನಂಬರು, ಬೋನಸ್ಸು, ಎಲ್ಲ. ಈಗ ಇಳಿ."

ಕಾರ್ಡು ನನ್ನ ಕೈಯಲ್ಲಿತ್ತು. ಮೊದಲ ಸಲ ಅವರು ಮೇಲಿನಿಂದ ಹಾಕದೆ ಕೈಗೆ ಕೊಟ್ಟಿದ್ದರು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಹನ್ನೊಂದು ವರ್ಷ ಕಾದದ್ದು ಇದಕ್ಕೇ. ಗೌತಮಿ ಕಾಲೇಜಿಗೆ ಹೋಗುತ್ತಾಳೆ. ಮುನಿಯಣ್ಣನ ಕೆಮ್ಮಿಗೆ ಆಸ್ಪತ್ರೆ ಸಿಗುತ್ತದೆ. ಹತ್ತು ಬಕೆಟ್ಟು, ಅಷ್ಟೇ. ದಿನಕ್ಕೆ ನೂರಿಪ್ಪತ್ತು ಬಕೆಟ್ ಹೊತ್ತವಳು ನಾನು. ಒಂದು ಗಳಿಗೆ ಕಾಲು ಗುಂಡಿಯ ಕಡೆ ಎರಡು ಹೆಜ್ಜೆ ಇಟ್ಟಿತು ಕೂಡ.

ಆಗ ಅವ್ವನ ನೆತ್ತಿ ಅಂಗೈಗೆ ತಾಗಿದ ಹಾಗಾಯಿತು. ಬೋಳು ನೆತ್ತಿ. ಅವ್ವ ಸತ್ತು ನಾಲ್ಕು ವರ್ಷವಾಗಿತ್ತು.

"ಸಾರ್, ಬೋರ್ಡು ಒಪ್ಪಬೇಕು ಅಂದಿದ್ರಲ್ಲ?"

"ಏನು?"

"ಶೇರುದಾರರು, ಕಂಪನಿ ಕಾನೂನು. ಎಲ್ಲ ಈಗ ಈ ಕಾರ್ಡಿನ ಹಿಂದೆ ಮುಗ್ದೋಯ್ತಾ? ಒಂದು ಸಹಿಗೆ ಹನ್ನೊಂದು ವರ್ಷ ಕಾಯಿಸಿದ್ರಾ ನನ್ನ?"

ಎಲೆ ಅಡಿಕೆ ಚೀಲದಿಂದ ಹಾಳೆ ತೆಗೆದೆ. ಸುಣ್ಣದ ಕಲೆಯಾಗಿತ್ತು. ಪ್ರೊಫೆಸರ ಕೈಗೆ ಕೊಟ್ಟೆ. "ಸಾರ್, ನೀವು ಓದಿರೋರು. ಇದನ್ನ ಓದಿ ಹೇಳಿ. ಇದ್ರಲ್ಲಿ ನಾನೆಲ್ಲಿದ್ದೀನಿ?"

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಒಬ್ಬ ಜಾಡಮಾಲಿ," ಅಂದರು. ದನಿ ಸಣ್ಣಗಿತ್ತು.

"ಅದು ನಾನು. ನೀರಿನ ಬಿಲ್ ಆದ್ಮೇಲೆ. ಸಾಹೇಬ್ರ ಸಂಬಳ ಕಮ್ಮಿ ಅಂತ ಭಾಷಣ ಮಾಡಿದ್ರಲ್ಲ, ಅದ್ರಲ್ಲಿ ನನ್ನೂ ಸೇರಿಸಿ ಲೆಕ್ಕ ಹಾಕಿದ್ರಾ, ಬಿಟ್ಟು ಹಾಕಿದ್ರಾ?"

ರೇವಣಸಿದ್ದಪ್ಪನವರು ಜೋರಾಗಿ ನಕ್ಕರು. ಉಳಿದವರು ನಗಲಿಲ್ಲ.

"ಬೇರೆ ಯಾರನ್ನಾದ್ರೂ ಕರೆಸ್ತೀನಿ," ಅಂದರು ಸಾಹೇಬರು. "ನಿನ್ನಂಥೋರು ಬೇಕಾದಷ್ಟು ಜನ ಇದ್ದಾರೆ."

"ಕರೆಸಿ. ನಾನು ಗುಂಡಿ ಪಕ್ಕದಲ್ಲೇ ಕೂತಿರ್ತೀನಿ. ಬಂದೋರಿಗೆಲ್ಲ ನಮ್ಮಪ್ಪ ಹೆಂಗ್ ಸತ್ತ ಅಂತ ಹೇಳ್ತೀನಿ. ಇಷ್ಟು ಜನಾನೂ ಕೇಳಿಸ್ಕೊಳ್ಲಿ."

ಒಂದು ಬೆತ್ತದ ಕುರ್ಚಿ ಖಾಲಿ ಇತ್ತು. ಓಡಿಹೋದ ಡೈರೆಕ್ಟರದು. ಅದನ್ನು ಎಳೆದು ಗುಂಡಿಯಿಂದ ಇಪ್ಪತ್ತು ಅಡಿ ದೂರಕ್ಕೆ ಹಾಕಿಕೊಂಡು ಕೂತೆ. ಬೆತ್ತದ ಕುರ್ಚಿ ಮೆತ್ತಗೆ ಇರುತ್ತದೆ ಎಂದು ತಿಳಿದಿದ್ದೆ. ಬೆನ್ನಿಗೆ ಒತ್ತುತ್ತಿತ್ತು.

"ಯಾರಿಗೂ ದಿಕ್ಕು ತೋಚ್ತಿಲ್ಲ ಸಾರ್," ಅಂದೆ. "ತೀರ್ಮಾನ ತಗೊಳ್ಳಿ."

ಸಾಹೇಬರು ತೀರ್ಮಾನ ತೆಗೆದುಕೊಂಡರು. ಹೊಸ ಪಂಪ್‌ಸೆಟ್ ಇಲ್ಲೇ ಇದೆಯಲ್ಲ, ಅದರಿಂದಲೇ ಗುಂಡಿ ಖಾಲಿ ಮಾಡಿ ಎದುರಿನ ಖಾಲಿ ಸೈಟಿಗೆ ಬಿಡೋಣ! ಡೀಲರುಗಳಿಗೂ ಪಂಪಿನ ಶಕ್ತಿ ತೋರಿಸಿದ ಹಾಗಾಯಿತು. ಭೇಷ್ ಭೇಷ್ ಅಂದರು ಎಲ್ಲರೂ. ಮುಚ್ಚಳ ತೆಗೆಯಲು ಕಾವಲುಗಾರನನ್ನು ಕರೆದರು.

"ಸಾರ್, ನಾನು ಗೇಟಿಗೆ," ಅಂದ ಅವನು.

ಮಾಲಿಯನ್ನು ಕರೆದರು. "ನಾನು ಗಿಡಕ್ಕೆ ಸಾರ್." ಡ್ರೈವರು ಕೇಳುವ ಮೊದಲೇ ಕಾರಿನೊಳಗೆ ಕೂತು ಗಾಜು ಏರಿಸಿದ್ದ. ಹಾಳೆಯಲ್ಲಿ ಬರೆದಂತೆ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಲ್ಲಿದ್ದರು. ಕೊನೆಗೆ ಸಾಹೇಬರೇ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಗುಲಾಬಿ ಕುಂಡ ಸರಿಸಿ, ಹಾರೆ ಹಾಕಿ ಮೀಟಿ ಮುಚ್ಚಳ ತೆಗೆದರು. ಹತ್ತು ಹೆಜ್ಜೆ ಓಡಿ ಹೋಗಿ ಉಸಿರು ತೆಗೆದುಕೊಂಡು ಬಂದರು. ಪ್ರೊಫೆಸರು ಮರದ ಹಿಂದಿನಿಂದ, "ನಾಯಕತ್ವ ಅಂದ್ರೆ ಇದು!" ಅಂದರು.

ಒಂದು ಪೈಪನ್ನು ಗುಂಡಿಗೆ ಬಿಟ್ಟರು. ಇನ್ನೊಂದನ್ನು ಗೇಟಿನ ಕಡೆ ಎಳೆದರು. ಹಗ್ಗ ಜಗ್ಗಿ ಎಂಜಿನ್ ಸ್ಟಾರ್ಟ್ ಮಾಡಿದರು. ಗುರ್ ಎಂದಿತು. ಏನೂ ಎತ್ತಲಿಲ್ಲ.

"ನೀರು ಕುಡಿಸಿಲ್ಲ ಸಾರ್," ಅಂದೆ ಕುರ್ಚಿಯಿಂದ.

ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ಆದರೂ ಪಾಯಸದ ಬಕೆಟ್ಟು ಖಾಲಿ ಮಾಡಿ, ನಲ್ಲಿಯ ನೀರು ಹಿಡಿದು ತಂದರು. ಎಂ.ಡಿ. ಸಾಹೇಬರು ನೀರು ಹೊತ್ತರು. ಅರ್ಧ ಪಂಪಿಗೆ, ಅರ್ಧ ಪಂಚೆಗೆ. ಇನ್ನೂ ಒಂದು ಬಕೆಟ್ ಬೇಕು ಅಂದೆ. ತಂದರು. ಸೊಂಟ ಹಿಡಿದುಕೊಂಡರು. ನನಗೆ ಆ ಸೊಂಟದ ನೋವು ಗೊತ್ತಿತ್ತು.

"ಡೆಲಿವರಿ ಪೈಪು ಕಟ್ಟಿ ಸಾರ್. ಬಾಯಿ ಕಟ್ಟದೆ ಸ್ಟಾರ್ಟ್ ಮಾಡಬೇಡಿ."

"ಸಾಕು ಬಾಯ್ಮುಚ್ಚು! ಪಂಪ್ ನನಗೆ ಹೇಳ್ಕೊಡ್ತೀಯಾ?"

ಮುಚ್ಚಿದೆ. ರೇವಣಸಿದ್ದಪ್ಪನವರು ಮೂವತ್ತು ವರ್ಷ ಪಂಪು ಮಾರಿದವರು. ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಪೈಪು ನೋಡಿದರು, ತಮ್ಮ ಎಲೆ ಎತ್ತಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಪಂಪು ಒಳ್ಳೆಯ ಪಂಪು. ನಮ್ಮ ಫ್ಯಾಕ್ಟರಿ ಸರಕಿಗೆ ನಾನು ಹೆಸರು ಇಡುವುದಿಲ್ಲ. ಒಂದೇ ಜಗ್ಗಿಗೆ ಹಿಡಿಯಿತು. ಪೈಪು ಮೊದಲು ಉಬ್ಬಿತು, ಆಮೇಲೆ ಹೊರಳಿತು, ಆಮೇಲೆ ಆಳೆತ್ತರ ಎದ್ದು ನಿಂತು ಸುತ್ತ ನೋಡಿತು. ಮೊದಲ ಅಭಿಷೇಕ ಭಾಷಣ ಮಾಡಿದವರಿಗೆ. ಆಮೇಲೆ ಡೈರೆಕ್ಟರುಗಳಿಗೆ, ದೊಡ್ಡವರು ಚಿಕ್ಕವರು ಎನ್ನದೆ. ಒಬ್ಬಟ್ಟಿಗೆ, ತುಪ್ಪಕ್ಕೆ, ಬೆತ್ತದ ಕುರ್ಚಿಗಳಿಗೆ. ಸಾಹೇಬರು ಎರಡೂ ಕೈ ಚಾಚಿ ಅದನ್ನು ಹಿಡಿಯಲು ಹೋದರು. ಹಿಡಿದರು ಕೂಡ. ಬಾಯಿ ತಮ್ಮ ಕಡೆ ಇರುವ ಹಾಗೆ ಹಿಡಿದರು.

ಎಂಜಿನ್ ನಿಲ್ಲಿಸುವುದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಓಡಿದ ಮೇಲೆ ನಾನು ಹಿಂದಿನಿಂದ ಹೋಗಿ ನಿಲ್ಲಿಸಿದೆ. ನನ್ನ ಕೈಗೆ ಏನೂ ತಾಗಲಿಲ್ಲ. ಹಾರದ ಒಂದು ಸೇವಂತಿಗೆ ತಾಗಿತು.

ಗುಂಡಿ ಅರ್ಧ ಖಾಲಿಯಾಗಿತ್ತು.

ವಿಮಲಮ್ಮನವರು ಮೆಟ್ಟಿಲ ಮೇಲಿನಿಂದ ಕೂಗಿದರು, "ಇವ್ರು ಒಳಗೆ ಬರೋ ಹಾಗಿಲ್ಲ! ಸಂದಿಯಿಂದ ಹಿತ್ತಲಿಗೆ ಹೋಗ್ಲಿ!" ಎಂ.ಡಿ. ಸಾಹೇಬರು, ಪ್ರೊಫೆಸರು, ಆರು ಜನ ಡೈರೆಕ್ಟರುಗಳು ಕಾಂಪೌಂಡಿನ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಗೋಡೆ ತಾಗದ ಹಾಗೆ ನಡೆದು ಹೋದರು. ಆ ದಾರಿ ನನಗೆ ಚೆನ್ನಾಗಿ ಗೊತ್ತು. ಕೊನೆಯಲ್ಲಿ ಒಂದು ಮೊಳೆ ಎದ್ದಿದೆ. ಹೇಳಬಹುದಿತ್ತು. ಬಾಯಿ ಮುಚ್ಚು ಅಂದಿದ್ದರಲ್ಲ, ಹೇಳಲಿಲ್ಲ.

ಕಾರ್ಡನ್ನು ನನ್ನ ಲೋಟದೊಳಗೆ ಹಾಕಿ ಗೋಡೆಯ ಮೇಲಿಟ್ಟೆ. ಮುಂಬಾಗಿಲಿನ ಗೇಟಿನಿಂದ ಹೊರಗೆ ಬಂದೆ. ಕಾವಲುಗಾರ ಗೇಟು ತೆಗೆದ. ಅದು ಅವನ ಕೆಲಸ.

ಸೋಮವಾರ ಅವರು ಹೀರುವ ಲಾರಿ ಬಾಡಿಗೆಗೆ ತರಿಸಿದರಂತೆ. ಯಾರೂ ಇಳಿಯಬೇಕಾಗಲಿಲ್ಲ. ಲಾರಿ ಮೊದಲೇ ಇತ್ತು, ಬಾಡಿಗೆ ನನ್ನ ಒಂದು ತಿಂಗಳ ಕವರಿಗಿಂತ ಜಾಸ್ತಿ, ಅದಕ್ಕೆ ಯಾರೂ ಕರೆಸಿರಲಿಲ್ಲ. ದಾಸಪ್ಪನ ಯೂನಿಯನ್ನು ನನಗಾಗಿ ಒಂದು ಅರ್ಜಿ ಬರೆಯಿತು. ಅರ್ಜಿಗೆ ಉತ್ತರ ಬಂತು: ಅಣ್ಣಮ್ಮ ಎಂಬ ಹೆಸರಿನ ಕಾರ್ಮಿಕರು ನಮ್ಮಲ್ಲಿ ಯಾವತ್ತೂ ಇರಲಿಲ್ಲ.

ಮುಂದಿನ ವರ್ಷದ ವರದಿಯನ್ನು ದಾಸಪ್ಪನೇ ತಂದುಕೊಟ್ಟ. ಗೌತಮಿ ಎಸ್ಸೆಸ್ಸೆಲ್ಸಿ ಪುಸ್ತಕಗಳಿಗೆ ಬೈಂಡ್ ಹಾಕುವ ಮುಂಚೆ ಓದಿದಳು. ಸಾಹೇಬರ ಸವಲತ್ತು ಹೆಚ್ಚಾಗಿತ್ತು. ಮನೆ, ಕಾರು, ಎರಡು ಕ್ಲಬ್ಬು, ಒಬ್ಬ ಕಾವಲುಗಾರ, ಒಬ್ಬ ಮಾಲಿ, ಇಬ್ಬರು ಜಾಡಮಾಲಿಗಳು.

"ನೋಡವ್ವ, ನಿನ್ ಜಾಗಕ್ಕೆ ಇಬ್ರು ಬೇಕಾದ್ರು," ಅಂದಳು.

ಬಿ.ಟಿ.ಎಂ. ಲೇಔಟಿನಲ್ಲಿ ಮನೆಗಳು ಏಳುತ್ತಿದ್ದವು. ಪಾಯ ತೋಡಿದಲ್ಲೆಲ್ಲ ನೀರು ನಿಲ್ಲುತ್ತಿತ್ತು, ನೀರು ತೆಗೆಯಲು ಪಂಪು ನಡೆಸುವವರು ಬೇಕಿತ್ತು. ನಾನು ಆ ಕೆಲಸ ಹಿಡಿದೆ. ನೀರು ಕುಡಿಸುತ್ತೇನೆ, ಪೈಪಿನ ಬಾಯಿ ಕಟ್ಟುತ್ತೇನೆ, ಹಗ್ಗ ಜಗ್ಗುತ್ತೇನೆ. ಮಳೆ ಬಂದರೆ ಕೂಲಿ ಉಂಟು, ಬಿಸಿಲಾದರೆ ಇಲ್ಲ. ಮುನಿಯಣ್ಣನ ಕೆಮ್ಮು ಹಾಗೇ ಇದೆ.

ಪರ್ಮನೆಂಟ್ ಮಾಡಿಸುತ್ತೇನೆ ಎಂದು ಬದರಿನಾಥ್ ಸಾಹೇಬರು ಹೇಳಿದ್ದರು. ಮಾಡಿಸಲಿಲ್ಲ.

ಗುಂಡಿಗೆ ಇಳಿಯುವುದಿಲ್ಲ ಎಂದು ನಾನು ಅವ್ವನಿಗೆ ಹೇಳಿದ್ದೆ. ಇಳಿಯಲಿಲ್ಲ.